ಹಾಲೇಶಿಯ ಕ್ಯಾನು

ಮಾಚೇನಹಳ್ಳಿ ಡೈರಿಯಿಂದ ಹಾಲೇಶಿ
ಬೈಕಿಗೆ ಬಿಗಿದು ತಂದ ಕ್ಯಾನಿನೊಳಗೆ
ಸಪೂರ ನಳಿಗೆಗಳಲ್ಲಿ ಹೋರಿಗಳ ನಿದ್ದೆ,
ಇನ್ನೂ ಹುಟ್ಟದ ಕರುಗಳ ಬಣ್ಣ ನೆನಪಿಟ್ಟುಕೊಂಡು.
'ಎರಡು ಲೀಟರ್ ಸಾಕಲ್ವ ಮೇಡಂ?
ಸಂಜೆ ಆಯನೂರಲ್ಲಿ ಹಸು ಕಾಯ್ತಾವೆ.'

ಥರ್ಮಾಕೋಲ್ ಡಬ್ಬಿಗೆ ಸುರಿದೆ.
ಬಿಳಿ ಹಬೆ ಮೇಜಿಳಿದು ಮುಂದಿನ ಬೆಂಚಿನವರ
ಚಪ್ಪಲಿ ನೆಕ್ಕಿತು.
ಕರಿ ಬಿಲ್ಲೆ, ಸೀದ ನಿಪ್ಪಟ್ಟಿನ ಹಾಗಿದ್ದದ್ದು,
ತಣಿದು ತಣಿದು
ಅಡ್ಡಿ ಅನ್ನುವ ಮಾತನ್ನೇ ಮರೆತು
ಮೇಲಿಟ್ಟ ಅಯಸ್ಕಾಂತಕ್ಕೆ
ಅಲ್ಲೇ ನಿಲ್ಲು ಅಂದಿತು.
ನಿಂತಿತು, ಗಾಳಿಯಲ್ಲಿ.

ಎಲ್ಲರೂ ಫೋನು ಎತ್ತಿದರು. ಸುಹಾನಾ ಕೈ ಎತ್ತಿದಳು:
'ಇಷ್ಟು ಹಗೆ ಇದ್ದರೆ, ಇವೆರಡನ್ನೂ
ಒಂದೇ ಮೆಮೊರಿ ಚಿಪ್ಪಲ್ಲಿ ಹೇಗೆ ಕೂರಿಸ್ತಾರೆ?'

ಬೋರ್ಡಿನ ಮೇಲೆ ಬಾಣ ಬರೆದೆ.
ಎಲೆಕ್ಟ್ರಾನುಗಳ ಜೋಡಿ:
ಒಂದು ಮೇಲೆ ನೋಡಿದರೆ ಒಂದು ಕೆಳಗೆ,
ಆ ಭಿನ್ನಮತವೇ ಅವುಗಳ ದಾಂಪತ್ಯ.
ಅಯಸ್ಕಾಂತ ಡ್ರಿಲ್ ಮೇಷ್ಟ್ರು,
ಎಲ್ಲರ ಮುಖವೂ ಒಂದೇ ಕಡೆ ಇರಬೇಕು ಅವರಿಗೆ.
ಆದರೂ ಕೂದಲನ್ನು ಹತ್ತು ಸಾವಿರ ಸೀಳು ಸೀಳಿ
ಅಷ್ಟು ತೆಳ್ಳಗೆ ಕಬ್ಬಿಣದ ಎರಡು ಪದರ ಹಾಸಿ
ನಡುವೆ ಜೋಡಿಗೊಂದು ಓಣಿ ಬಿಟ್ಟರೆ,
ಪದರಗಳು ಬೆನ್ನು ತಿರುಗಿಸಿ ಮುನಿಸಿಕೊಂಡಿರುವಾಗ
ಜಗ್ಗಾಟಕ್ಕೆ ಜಗ್ಗಾಟ ವಜಾ, ಓಣಿ ತೆರೆದಿರುತ್ತೆ: ಸೊನ್ನೆ.
ಎರಡೂ ಒಂದೇ ದಿಕ್ಕಿಗೆ ತಿರುಗಿದವೋ
ಜೋಡಿ ಮುರಿಯುತ್ತೆ: ಒಂದು.
ಇದನ್ನೇ ನೆನಪು ಅಂತಾರೆ.
ಕರೆಂಟು ಹೋದರೂ ಕಬ್ಬಿಣ
ತಿರುಗಿದ ಕಡೆಗೇ ತಿರುಗಿರುತ್ತೆ.

ಚಾಕ್‌ಪೀಸು ಮುರಿಯಿತು.

ಭದ್ರಾವತಿ, ನ್ಯೂಟೌನ್ ಕ್ವಾರ್ಟರ್ಸು.
ಅಪ್ಪ ನಿಂಗೋಜಿರಾವ್ ಒಂದು ಯೂನಿಯನ್ನು,
ಎದುರುಮನೆ ಆರೋಗ್ಯಸ್ವಾಮಿ ಇನ್ನೊಂದು.
ಒಂದೇ ಶಿಫ್ಟು, ಒಂದೇ ಕುಲುಮೆ,
ಹನ್ನೊಂದು ವರ್ಷ ಮಾತಿಲ್ಲ.
ಆ ಹನ್ನೊಂದು ವರ್ಷ ನಾನೂ ಅವರ ಜೆರಾಲ್ಡೂ
ನಡುವಿನ ಓಣಿಯಲ್ಲಿ ಸೈಕಲ್ ತುಳಿದೆವು,
ಯಾರೂ ಕೇಳಲಿಲ್ಲ.
ಅವರಿಬ್ಬರೂ ಒಂದೇ ಮಾತಿಗೆ ಬಂದದ್ದು
ಒಂದೇ ಸಲ.
ಜಗಲಿಯ ಮೇಲೆ ಒಟ್ಟಿಗೆ ಕೂತು, ಚಹಾ ಕುಡಿದು
'ಇದು ಆಗೋ ಮಾತಲ್ಲ' ಅಂದರು.

'ಮೇಡಂ, ಒಂದು ಅಂದರೆ ಮುರಿದದ್ದಾ?'
ಹೌದು ಸುಹಾನಾ. ಬರೆದುಕೊಳ್ಳಿ.

ಹಾಲೇಶಿ ಬಾಗಿಲಲ್ಲಿ ಮುಚ್ಚಳ ತಿರುಗಿಸುತ್ತಿದ್ದ,
'ನಿಮ್ಮ ಪಾಠದಲ್ಲಿ ಅರ್ಧ ಆವಿ ಆಯ್ತು.'
ಡಬ್ಬಿಯ ತಳ ಒಣಗಿ, ಬಿಲ್ಲೆಯ ಅಂಚಿಗೆ
ಮಂಜಿನ ಪುಡಿ.
ಅಯಸ್ಕಾಂತ ಸ್ವಲ್ಪ ವಾಲಿತು,
ಯೋಚನೆ ಮಾಡಿದ ಹಾಗೆ,
ಆಮೇಲೆ ಟಕ್ ಎಂದು ಕೂತಿತು.