ಏಟು ಬಿತ್ತು

ಈಸಾ ಟೌನಿನ ಹಳೇ ಸಾಮಾನಿನ ಸಂತೆಯಲ್ಲಿ
ಅರ್ಧ ದಿನಾರಿಗೊಂದರಂತೆ ಏಳು ಸಂಪುಟ ಕೊಂಡೆ.
ಕೆಂಪು ರಟ್ಟು, ಬಿಸಿಲಿಗೆ ಬೆನ್ನು ಮಾತ್ರ ಗುಲಾಬಿ.
ಯಾರೋ ಇಂಗ್ಲಿಷ್ ವಕೀಲ ಊರಿಗೆ ಹೋಗುವಾಗ
ಇಸ್ತ್ರಿಪೆಟ್ಟಿಗೆ, ನಾಯಿಯ ಸರಪಳಿ ಜೊತೆ ಬಿಟ್ಟುಹೋದದ್ದು:
ಬ್ರಿಟನ್ನಿನ ಕುಖ್ಯಾತ ಕೊಲೆ ಮೊಕದ್ದಮೆಗಳು.

ಗುದೈಬಿಯಾದ ಕೋಣೆ. ಕೆಳಗೆ ಕರಕ್ ಚಹಾದಂಗಡಿ.
ನಿದ್ದೆ ಬರದಾಗ ಓದುತ್ತೇನೆ:
ಮದ್ದಿನಂಗಡಿಯವ ಹೆಂಡತಿಯ ಕೋಕೋದಲ್ಲಿ ಕಲಕಿದ್ದು,
ವಿಷದ ಖಾತೆಯಲ್ಲಿ ಅವನದೇ ಸಹಿ, ದುಂಡಗೆ.
ಕಡಲತೀರದ ವಿಧವೆ ಬಾಡಿಗೆದಾರನ ಕೋಟು ಒಗೆದದ್ದು
ಸೋಮವಾರವೋ ಮಂಗಳವಾರವೋ,
ಅದಕ್ಕೇ ನಲವತ್ತು ಪುಟ.
ಹಾಲಿನವನನ್ನು ಕೇಳಿದರು. ಹಾಲಿನವನ ತಂಗಿಯನ್ನೂ ಕೇಳಿದರು.
ಕೊನೆಗೆ ಬಿಳಿ ವಿಗ್ಗಿನ ಮೇಲೊಂದು ಕರಿಬಟ್ಟೆಯ ಚೌಕ,
ಅಂಗೈಯಷ್ಟು.

ನಡುವೆ ಮಡಚಿಟ್ಟ ನಕ್ಷೆ:
ಅಡುಗೆಮನೆ, ಮೆಟ್ಟಿಲು, ಕಲ್ಲಿದ್ದಲ ಕೊಟ್ಟಿಗೆ,
ಹೆಣವಿದ್ದ ಜಾಗಕ್ಕೆ ಗುಣಾಕಾರದ ಗುರುತು.
ಸತ್ತವಳ ಹೆಸರು ಮರೆತೆ. ಕೊಟ್ಟಿಗೆಯ ಅಳತೆ ನೆನಪಿದೆ.

ಹಗಲು ನಾನು ದುಭಾಷಿ, ಐರಿನ್ ಕಸ್ತಲಿನೊ,
ಇಪ್ಪತ್ತೆರಡು ವರ್ಷದಿಂದ ಬೇರೆಯವರ ಬಾಯಿ.
ಹೋದ ಭಾನುವಾರ ಕಟಕಟೆಯಲ್ಲಿ ಶಹಾಪುರ ಕಡೆಯ ಸಾಬಣ್ಣ,
ಸೆಂಟ್ರಿಂಗ್ ಕೆಲಸದವ.
ಸಲ್ಮಾಬಾದಿನ ಕ್ಯಾಂಪು, ಹನ್ನೆರಡು ಮಂಚ, ಒಂದು ಏಸಿ,
ಅದರ ರಿಮೋಟಿಗೆ ಜಗಳ.
ಮೇಲಿನ ಮಂಚದವನು ಈಗಿಲ್ಲ.

ಏನಾಯಿತು, ಅಂದರು. ಏನಾಯ್ತಪ್ಪ, ಅಂದೆ.
"ಏಟು ಬಿತ್ತರೀ."

ನಮ್ಮಲ್ಲಿ ಏಟು ಬೀಳುತ್ತದೆ,
ಕನಸು ಬಿದ್ದ ಹಾಗೆ, ಭುಜದ ಮೇಲೆ ಹಲ್ಲಿ ಬಿದ್ದ ಹಾಗೆ.
ಯಾರೂ ಬೀಳಿಸಬೇಕಿಲ್ಲ.
ಅರಬ್ಬಿಯಲ್ಲೂ ಬೀಳಿಸಿಯೇ ಇಟ್ಟೆ.
ನ್ಯಾಯಾಧೀಶರು ಪೆನ್ನು ನಿಲ್ಲಿಸಿದರು: ಯಾರಿಂದ?
"ಕೈಯಿಂದರೀ."
ಯಾರ ಕೈ?
ಅವನು ಬಲಗೈ ತಿರುಗಿಸಿ ನೋಡಿಕೊಂಡ,
ಸಿಮೆಂಟು ತಿಂದ ಉಗುರು, ಅಂಗೈ, ಮತ್ತೆ ಉಗುರು,
ಬಸ್ಸಿನಲ್ಲಿ ಯಾರೋ "ಚೂರು ಹಿಡ್ಕೊಳ್ರಿ" ಎಂದು ಕೊಟ್ಟು
ಇಳಿದೇ ಹೋದ ಗಂಟಿನಂತೆ.

ತುಟಿ ಅಲುಗಿತು ಅನ್ನಿಸಿತು. ಅಲುಗಿರಬಹುದು.
ನಾನು ಹೇಳಿದೆ: ಯದೀ. ನನ್ನ ಕೈ.
ಆ ಭಾಷೆಯಲ್ಲಿ "ನನ್ನ" ಎಂದರೆ
ಪದದ ಬಾಲಕ್ಕೆ ಅಂಟುವ ಒಂದು ಈಕಾರ, ಅಷ್ಟೇ.
ಬರೆದುಕೊಂಡರು.
ಎಲ್ಲ ಸೇರಿ ಹನ್ನೊಂದು ನಿಮಿಷ.

ಈ ರಾತ್ರಿ ಏಳೂ ಸಂಪುಟ ಮಂಚದ ಮೇಲೆ ಹರಡಿದ್ದೇನೆ.
ಅಡುಗೆಯವಳು, ಗಾಡಿಯವನು, ಗೋರಿ ತೋಡಿದವನು,
ಎಲ್ಲರಿಗೂ ಪಾಟೀಸವಾಲು ಇದೆ.
ದುಭಾಷಿಗೆ ಎಲ್ಲೂ ಇಲ್ಲ.

ಕರೆಂಟ್ ಬಿಲ್ಲಿನ ಹಿಂದೆ ನಕ್ಷೆ ಬರೆಯುತ್ತಿದ್ದೇನೆ,
ಹನ್ನೆರಡು ಮಂಚ, ಬಾಗಿಲು, ಏಸಿ.
ಗುರುತು ಎಲ್ಲಿಗೆ ಹಾಕಲಿ ಎಂದು ಪೆನ್ಸಿಲ್ ಎತ್ತಿದಾಗ
ಕೆಳಗೆ ಯಾರೋ ಎರಡು ಚಹಾಕ್ಕೆ
ಹಾರನ್ ಹೊಡೆದರು.