ನಾಲ್ಕನೆಯ ದಿನಕ್ಕೆ

ಬಲೆ ನಮ್ಮದಿತ್ತು, ಬೆಲೆ ಬಿಸಿಲಿನದು.
ಎಂಬಿಟಾದ ಸರೋವರದ ದಡದಲ್ಲಿ ಹತ್ತು ಗಂಟೆಗೆಲ್ಲ
ಮೀನಿನ ಕಣ್ಣು ಮಬ್ಬಾಗುತ್ತಿತ್ತು.
ಲಾರಿಯವನು ಟೈರಿಗೆ ಒರಗಿ, ಹಲ್ಲುಕಡ್ಡಿ ಕಚ್ಚಿಕೊಂಡು
ಸುಮ್ಮನೆ ಕಾಯುತ್ತಿದ್ದ.
ಕಾಯುವುದೇ ಅವನ ಬಂಡವಾಳ.

ಈಗ ಛಾವಣಿಯ ಮೇಲೆ ನೀಲಿ ಹಲಗೆಗಳು,
ಕೆಳಗೆ ಗುರುಗುಟ್ಟುವ ಒಂದು ಪೆಟ್ಟಿಗೆ.
ಮೀನು ಕೊಳೆಸುತ್ತಿದ್ದ ಅದೇ ಬಿಸಿಲು
ಐಸಾಗಿ ಬೀಳುತ್ತದೆ ಬುಟ್ಟಿಗೆ.

ಮೊದಲ ದಿನ ಅಪೊಂಡಿ ಲಾರಿಯವನಿಗೆ
"ನಾಳೆ ಬಾ" ಅಂದಳು.
ಅಂದವಳೇ ಬೆಚ್ಚಿ, ಲೆಸೊ ಬಟ್ಟೆಯಿಂದ ಬಾಯಿ ಒತ್ತಿಕೊಂಡಳು.
ಆ ಎರಡು ಮಾತಿನಲ್ಲಿ
ಮಗಳ ಶಾಲೆಯ ಫೀಸಿತ್ತು, ಸೂರಿಗೆ ಹೊಸ ತಗಡಿತ್ತು,
ಪೆಟ್ಟಿಗೆಯ ಕಂತೂ ಇತ್ತು, ತಿಂಗಳಿಗೆ ಇಷ್ಟು ಶಿಲ್ಲಿಂಗು,
ತಪ್ಪಿದರೆ ಫೋನಿನಿಂದಲೇ ಬೀಗ.

ನ್ಯಾಕೋವಾ ಮುದುಕಿಯ ಹೊಗೆಗೂಡು ಮಾತ್ರ ತಣ್ಣಗಿದೆ.
ಮಾರದೆ ಉಳಿದದ್ದನ್ನು ಹೊಗೆಯಲ್ಲಿ ಒಣಗಿಸಿ ಬದುಕಿದವಳು;
ಈಗ ಉಳಿಯುವುದೇ ಇಲ್ಲ.
ಪೆಟ್ಟಿಗೆಯ ಬಾಗಿಲು ಸವರಿ ಕೇಳಿದಳು:
"ಇದರಲ್ಲಿಟ್ಟದ್ದು ಎಂದೂ ಕೆಡುವುದಿಲ್ಲವೇ?"
"ಮೂರು ದಿನ ತಡೆಯುತ್ತದೆ ಅಜ್ಜಿ."

ಸಂಜೆ ನೋಡಿದರೆ
ದಂಡೆಯುದ್ದಕ್ಕೂ ಬಗ್ಗಿ ಬಗ್ಗಿ
ಕಟ್ಟಿಗೆ ಆರಿಸುತ್ತಿದ್ದಳು ಮುದುಕಿ,
ನಾಲ್ಕನೆಯ ದಿನಕ್ಕೆ.