ಎಸ್ ಕೆತ್ತಿದ ಜಾಗದಲ್ಲಿ

ನಲವತ್ತಮೂರನೆಯ ವಯಸ್ಸಿಗೆ ನಿನಗೇಕೆ ಲ್ಯಾಟಿನ್, ದೀನಾ,
ಎಂದು ಕರಾರಾದ ಅರ್ಧ ಊರು ಕೇಳಿತು.
ರೆಪ್ಪೆಗೆ ಅಂಟಿದ ಅಮೃತಶಿಲೆಯ ಪುಡಿ ಸಮೇತ
ಬೇಕರಿಯ ಮೇಲಿನ ಮಹಡಿ ಹತ್ತಿದೆ, ಗುರುವಾರ, ಏಳಕ್ಕೆ.
ಎರ್ಸಿಲಿಯಾ ಮೆಂಕೋನಿ, ನಿವೃತ್ತ ಟೀಚರು,
ಕನ್ನಡಕ ಹುಡುಕುತ್ತಲೇ ಕೇಳಿದರು:
ಇಪ್ಪತ್ತು ವರ್ಷ ಗೋರಿಗಳ ಮೇಲೆ ಬರೆದೆಯಲ್ಲ,
ಬರೆದದ್ದನ್ನು ಓದಲು ಬರುತ್ತದೆಯೆ?
ಇಲ್ಲ ಎಂದೆ. ಅಪ್ಪನ ಮಾದರಿ ಹಾಳೆ ಮುಂದಿಟ್ಟುಕೊಂಡು
ಕೆತ್ತುತ್ತಿದ್ದೆ, ದ್ರಾಕ್ಷಿಗೊಂಚಲು ಕೆತ್ತುವ ಹಾಗೆ.

ಮೊದಲು ಸಾಧು ಕ್ರಿಯಾಪದಗಳು.
ಅಮೋ, ಅಮಾವಿ. ಪ್ರೀತಿಸುತ್ತೇನೆ, ಪ್ರೀತಿಸಿದೆ.
ನಡುವೆ ಒಂದು ವಕಾರ, ಬಾಗಿಲ ಚಿಲಕದಷ್ಟು.
ಸ್ಕ್ರಿಬೋ, ಸ್ಕ್ರಿಪ್ಸಿ. ಬರೆಯುತ್ತೇನೆ, ಬರೆದೆ.
ಆ 'ಪ್ಸಿ' ನನಗೆ ಹೊಸದಲ್ಲ:
ಉಳಿಯೇಟು ಮುಗಿದ ಮೇಲೆ
ಧೂಳನ್ನು ಬಾಯಲ್ಲಿ ಊದುವ ಸದ್ದು.
ವೆನಿಯೋ ಅಂದರೆ ಬರುತ್ತೇನೆ; ಬಂದಾದ ಮೇಲೆ ವೇನಿ,
ಸ್ವರ ಕಾಲು ಚಾಚಿ ಕೂತುಬಿಡುತ್ತದೆ.

ಆಮೇಲೆ, ಉಗ್ಗುವ ಪದಗಳು.
ಕುರ್ರೋ, ಕುಕುರ್ರಿ. ಓಡಿದೆ.
ನಾಯಿ ಕಚ್ಚಿದರೆ ಮೊಮೊರ್ದಿತ್;
ಹೇಳುವಾಗ ನನ್ನ ತುಟಿಯನ್ನೇ ಕಚ್ಚಿಕೊಂಡೆ, ಟೀಚರು ನಕ್ಕರು.
ಕಾದೋ, ಬೀಳುತ್ತೇನೆ. ಚೇಚಿದಿ, ಬಿದ್ದೆ.
ನಾನು ನಗಲಿಲ್ಲ.
ತೊರಾನೋ ಗಣಿಯಲ್ಲಿ ಓರೆಸ್ತೆ ಮಾವ
ಬಂಡೆಯಿಂದ ಬಿದ್ದದ್ದು ಒಂದು ಸಲ.
ಅತ್ತೆಗೆ ಹೇಳಲು ನಾವು ಬಾಗಿಲು ತಟ್ಟಿದಾಗ ಇನ್ನೊಂದು.

ಫೆರೋ, ಹೊರುತ್ತೇನೆ; ಹೊತ್ತಾದ ಮೇಲೆ ತುಲಿ.
ಎಲ್ಲಿಯ ಫೆರೋ, ಎಲ್ಲಿಯ ತುಲಿ ಎಂದರೆ,
ಗುಡ್ಡದ ಲಾರಿ ನೋಡಿಲ್ಲವೆ, ಎಂದರು,
ಹತ್ತುವ ದಾರಿ ಬೇರೆ, ಇಳಿಯುವ ದಾರಿ ಬೇರೆ,
ಹೊರೆ ಒಂದೇ.

ಐದನೆಯ ವಾರ ವೀವೋ ಬಂತು. ಬದುಕುತ್ತೇನೆ.
ವಿಕ್ಸಿ, ಬದುಕಿದೆ. ವಿಕ್ಸಿತ್, ಬದುಕಿದ, ಅಷ್ಟೇ, ಮುಗಿಯಿತು.
ಟೀಚರು ಎಕ್ಸ್ ಬರೆದರು ಹಲಗೆಯ ಮೇಲೆ,
ದೊಡ್ಡದಾಗಿ. ಒಂದರ ಮೇಲೊಂದು ಎರಡು ಗೀರು.
ನನ್ನ ಬೆವರು ತಣ್ಣಗಾಯಿತು.

ಹನ್ನೊಂದು ವರ್ಷದ ಹಿಂದೆ, ಅಪ್ಪ ಆಸ್ಪತ್ರೆಯಲ್ಲಿ,
ಹಾಳೆ ಎಲ್ಲೋ, ಕಿವಿಯಲ್ಲಿ ನಮ್ಮ ದಿನದ ಮಾತಿನ 'ವಿಸ್ಸೆ'.
ಅಮೆದೆಯೋ ಜನಾಂತಿಯ ಕಲ್ಲಿನ ಮೇಲೆ
ಒಂದು ಎಸ್ ಕೆತ್ತಿದ್ದೆ. ವಿ ಐ ಎಸ್ ಐ ಟಿ.
ಹಣವನ್ನೂ ಎಣಿಸಿಕೊಂಡಿದ್ದೆ.

ಹಾಗೆ ಬರೆದರೆ ಅರ್ಥವೇನಾಗುತ್ತದೆ, ಕೇಳಿದೆ, ಯಾರದೋ ತಪ್ಪೆಂಬಂತೆ.
ಟೀಚರು ಕನ್ನಡಕ ತೆಗೆದರು.
ವೀಸಿತ್. ಅದೂ ಒಂದು ಪದವೇ, ದೀನಾ.
ನೋಡಿ ಹೋಗಲು ಬರುತ್ತಾನೆ.
ನೋಡಿ ಹೋಗಲು ಬಂದ ಎಂದರೂ ಅದೇ ರೂಪ.
ಯಾವ ಕಾಲವೆಂದು ಪದ ನೋಡಿ ಹೇಳಲಾಗದು.

ಭಾನುವಾರ ಉಳಿ, ಸುತ್ತಿಗೆ, ಅಂಟುಪುಡಿ ಚೀಲಕ್ಕೆ ಹಾಕಿಕೊಂಡು
ಸ್ಮಶಾನದ ಏರು ಹತ್ತಿದೆ.
ಎಸ್ ಅನ್ನು ತುಂಬಿ, ಒಣಗಿಸಿ, ಎರಡು ಗೀರು. ಒಂದು ಗಂಟೆಯ ಕೆಲಸ.
ಇಯೋಲೆ ಮೊದಲೇ ಬಂದು ಕೂತಿದ್ದಳು, ಮಡಚುವ ಕುರ್ಚಿ ಹಾಕಿಕೊಂಡು,
ಗಂಡನ ಕಲ್ಲಿಗೆ ಒದ್ದೆ ಬಟ್ಟೆ ಒರೆಸುತ್ತ.
ಅಕ್ಷರದೊಳಗೆ ಬೆರಳು ತೂರಿಸಿ ಒರೆಸುತ್ತಾಳೆ:
ವಿ, ಐ, ಆ ಎಸ್‌ನ ಎರಡೂ ತಿರುವು.
ಏನು ದೀನಾ, ಕಲ್ಲಿಗೇನಾದರೂ ಆಗಿದೆಯೆ?

ಚೀಲದಲ್ಲಿ ಉಳಿ ಸುತ್ತಿಗೆಗೆ ತಾಗಿ ಟಣ್ ಎಂದಿತು.
ಏನಿಲ್ಲ, ಎಂದೆ, ನೋಡಿ ಹೋಗಲು ಬಂದೆ.

ಅವಳು ಫ್ಲಾಸ್ಕಿನ ಕಾಫಿ ಮುಚ್ಚಳಕ್ಕೆ ಬಗ್ಗಿಸಿದಳು.
ಅಷ್ಟರಲ್ಲಿ ಗೇಟಿನ ಕಾವಲುಗಾರ ಕೂಗಿದ,
ಮುಚ್ಚುವ ಹೊತ್ತಾಯಿತು, ಬನ್ನಿ, ಬನ್ನಿ.
ಬಂದೆ, ಬಂದೆ, ಎಂದು ಇಬ್ಬರೂ ಕೂಗಿದೆವು,
ಕೂತಲ್ಲಿಂದ ಏಳದೆ.